ಒಂದ್ರೇಯನ ಉಣ್ಣೆ ಅಂಗಿ

ಜೋಫ್ಕಾ ಸುಳ್ಳುಗಾತಿಯಲ್ಲ ಎಂದು ಅಮೆರಿಕದ ಬೇಯೋನ್ ಊರಿನ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಒಂಬತ್ತು ಜನ ಸ್ಲೊವಾಕ್ ಗಂಡಸರಿಗೆ ಮನೆಯಲ್ಲಿ ಊಟ, ಹಾಸಿಗೆ ಕೊಟ್ಟು, ಎಣ್ಣೆ ಕಾರ್ಖಾನೆಯ ಜಿಡ್ಡು ಕೂತ ಅವರ ಬಟ್ಟೆ ಒಗೆದು ಬದುಕುತ್ತಿದ್ದ ಹೆಂಗಸು. ಹಗಲು ಪಾಳಿಯವನು ಎದ್ದುಹೋದ ಹಾಸಿಗೆಗೆ ರಾತ್ರಿ ಪಾಳಿಯವನು ಬಂದು ಬೀಳುತ್ತಿದ್ದ. ಆ ಹಾಸಿಗೆಗಳೂ ಆರುತ್ತಿರಲಿಲ್ಲ, ಅವಳ ಒಲೆಯೂ ಆರುತ್ತಿರಲಿಲ್ಲ.

ಅವಳು ಹೇಳಿದ್ದು ಒಂದೇ ಸುಳ್ಳು, ಅದೂ ಹುಟ್ಟೂರಲ್ಲಿದ್ದ ತಾಯಿಗೆ. ಎಣ್ಣೆ ಕಾಯಿಸುವ ತೊಟ್ಟಿ ಸಿಡಿದು ಗಂಡ ಒಂದ್ರೇಯ ಸತ್ತು ಮೂರು ವರ್ಷವಾಗಿತ್ತು. ಅದೇ ವಾರ ತಾಯಿಗೆ ಎದೆನೋವೆಂಬ ಸುದ್ದಿ ಬಂದಿದ್ದರಿಂದ, ಈಗ ಬೇಡ, ಮುಂದಿನ ಕಾಗದದಲ್ಲಿ ಬರೆಯೋಣ ಎಂದುಕೊಂಡಳು. ಮುಂದಿನ ಕಾಗದದಲ್ಲಿ ಒಂದ್ರೇಯನಿಗೆ ಕೆಮ್ಮು ವಾಸಿಯಾಯಿತು, ಅದರ ಮುಂದಿನದರಲ್ಲಿ ಅವನು ಮೇಸ್ತ್ರಿಯಾದ. ಸತ್ತ ಗಂಡನಿಗೆ ಬಡ್ತಿ ಕೊಟ್ಟವಳು ಅಮೆರಿಕದಲ್ಲೆಲ್ಲ ಇವಳೊಬ್ಬಳೇ ಇರಬೇಕು. ಕೊನೆಗೆ ಒಂಟಿತನ ತಡೆಯಲಾರದೆ ತಮ್ಮ ಮಾತೂಶನಿಗೆ ಬರೆದಳು: ಬಂದುಬಿಡು, ಭಾವ ನಿನಗೊಂದು ಕೆಲಸ ಗೊತ್ತುಮಾಡಿದ್ದಾರೆ. ಅವನು ತನ್ನ ಪಾಲಿನ ಹೊಲ ಮಾರಿ ಹಡಗು ಹತ್ತಿದ.

ಅವನು ಇಳಿದ ಮರುದಿನ ವಲಸೆ ಬಂದವರನ್ನು ತಪಾಸಣೆ ಮಾಡುವ ಬಂದರಿನ ದ್ವೀಪದಿಂದ ತಂತಿ ಬಂತು. ಓದಿ ಹೇಳಿದವನು ಸಾರಾಯಿ ಅಂಗಡಿಯ ಗಾಶ್ಪಾರ.

"ನಿನ್ ತಮ್ಮನ್ನ ತಡೆದು ಕೂರಿಸವ್ರೆ. ನಾಳೆ ವಿಚಾರಣೆ. ಕೆಲ್ಸ ಇದ್ಯೇನಯ್ಯಾ ಅಂದ್ರೆ, ಇದೆ, ಭಾವ ಗೊತ್ಮಾಡವ್ರೆ ಅಂತ ಎದೆಯುಬ್ಬಿಸ್ಕೊಂಡು ಹೇಳವ್ನೆ, ಪುಣ್ಯಾತ್ಮ!"

"ಅದ್ರಲ್ಲೇನು ತಪ್ಪು? ಕೆಲ್ಸ ಇಲ್ದೋನನ್ನ ಯಾರು ಒಳಗೆ ಬಿಟ್ಕೋತಾರೆ?"

"ಅಯ್ಯೋ ತಾಯಿ, ಇಲ್ಲಿ ಎಲ್ಲಾ ಉಲ್ಟಾ. ಮೊದ್ಲೇ ಕೆಲ್ಸ ಗೊತ್ಮಾಡ್ಕೊಂಡು ಬಂದೋನು ಇಲ್ಲಿಯವ್ರ ಕೂಲಿ ಇಳಿಸೋಕೆ ಬಂದೋನು ಅಂತ ಕಾನೂನು. ಬಂದ ಹಡಗಲ್ಲೇ ವಾಪಸ್ಸು."

ಜೋಫ್ಕಾ ತಂತಿಯನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಒಂದ್ರೇಯ ಸುಮ್ನೆ ಬಾಯ್ಮಾತಿಗೆ ಅಂದಿದ್ದ ಅಂತ ಹೇಳ್ಬಿಡು," ಎಂದ ಗಾಶ್ಪಾರ.

"ಅವ್ರನ್ನೇ ಕರ್ಕೊಂಡು ಬಾ ಅಂದ್ರೆ?"

ಒಂದ್ರೇಯನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಗಾಶ್ಪಾರನೂ ಒಬ್ಬ.

ಮರುದಿನ ಅವಳು ಗಾಶ್ಪಾರನ ಹೆಂಡತಿಯ ಗರಿಯ ಹ್ಯಾಟು ಎರವಲು ಪಡೆದು ದ್ವೀಪಕ್ಕೆ ಹೋದಳು. ಮೇಸ್ತ್ರಿಯ ಹೆಂಡತಿ ಹಳ್ಳಿಯವಳಂತೆ ತಲೆಗೆ ಬಟ್ಟೆ ಕಟ್ಟಿಕೊಂಡು ಹೋಗುವುದುಂಟೆ?

ಎತ್ತರದ ಮೇಜಿನ ಹಿಂದೆ ಮೂವರು ಅಧಿಕಾರಿಗಳು, ಪಕ್ಕದಲ್ಲಿ ಸ್ಲೊವಾಕ್ ಬಲ್ಲ ದುಭಾಷಿ. ಬೆಂಚಿನ ಮೇಲೆ ಮಾತೂಶ, ತೊಡೆಯ ಮೇಲೆ ಗಂಟು. ಏಳು ವರ್ಷದ ಮೇಲೆ ಅಕ್ಕನನ್ನೂ ಅವಳ ಹ್ಯಾಟನ್ನೂ ಕಂಡು ಮುಖವರಳಿಸಿ ನಕ್ಕ.

"ನಿಮ್ಮ ಯಜಮಾನ್ರು ಮೇಸ್ತ್ರಿಯಂತೆ. ಅವ್ರ್ಯಾಕೆ ಬರ್ಲಿಲ್ಲ ಅಂತ ಕೇಳ್ತಿದ್ದಾರೆ," ಎಂದ ದುಭಾಷಿ.

ರಜೆ ಸಿಗಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹಾಗಂದರೆ ಮೇಸ್ತ್ರಿ ಇದ್ದಾನೆ, ಕೆಲಸವೂ ಇದೆ ಎಂದಾಗುತ್ತದೆ; ತಮ್ಮ ಸಂಜೆಯ ಹಡಗಿನಲ್ಲೇ ವಾಪಸ್ಸು. ಅವಳು ಮಾತೂಶನ ಕಡೆ ನೋಡದೆ ಹ್ಯಾಟು ತೆಗೆದಳು.

"ಯಜಮಾನ್ರಿಲ್ಲ ಸ್ವಾಮಿ. ಸತ್ತು ಮೂರು ವರ್ಷ ಆಯ್ತು. ಮೇಸ್ತ್ರಿ ಅಂತ ನಾನೇ ಕಾಗೆ ಹಾರಿಸ್ದೆ. ಕೆಲ್ಸಾನೂ ಇಲ್ಲ, ಏನೂ ಇಲ್ಲ."

ನಡುವಿನ ಅಧಿಕಾರಿ ನಕ್ಕು ಏನೋ ಅಂದ. "ಇಂಥ ಕಥೆ ದಿನಾ ಕೇಳ್ತಾರಂತೆ," ಎಂದ ದುಭಾಷಿ. "ಕಾನೂನು ಗೊತ್ತಾದ್ಮೇಲೆ ಎಲ್ಲರ ಗಂಡಂದಿರೂ ಸಾಯ್ತಾರಂತೆ. ಸಾವಿನ ಕಾಗದ ಎಲ್ಲಿ?"

ಅದು ಮನೆಯ ಪೆಟ್ಟಿಗೆಯ ತಳದಲ್ಲಿತ್ತು. ಸುಳ್ಳು ಹೇಳಲು ಹೊರಟವಳು ಅದನ್ನೇಕೆ ತರುತ್ತಾಳೆ? ಅಧಿಕಾರಿ ಲೇಖನಿ ಎತ್ತಿಕೊಂಡ.

ಅಷ್ಟರಲ್ಲಿ ಗಂಟು ನೆಲಕ್ಕೆ ಬಿದ್ದ ಸದ್ದಾಯಿತು. ಮಾತೂಶ ಎದ್ದು ನಿಂತಿದ್ದ.

"ಯಾರು ಸತ್ತಿದ್ದು? ಭಾವಾನಾ? ಅಕ್ಕಾ, ಕ್ರಿಸ್‌ಮಸ್‌ಗೆ ನಂಗೆ ಕಾಗ್ದ ಬರ್ದಿದ್ರಲ್ಲ!"

"ಅದು ನಾನು ಬರ್ದಿದ್ದು ಕಣೋ."

ಅವನಿಗೆ ಕುದುರೆಗಾಡಿ ಹೊಡೆಯಲು ಕಲಿಸಿದವನು ಒಂದ್ರೇಯ. ಆ ಇಪ್ಪತ್ತೆರಡರ ಗಟ್ಟಿ ಆಳು ಅಲ್ಲೇ ಮೊಣಕಾಲೂರಿ ಶಿಲುಬೆಯ ಗುರುತು ಮಾಡಿಕೊಂಡು, ಬಾಯಿಗೆ ತೋಳೊತ್ತಿ ಬಿಕ್ಕಿ ಬಿಕ್ಕಿ ಅತ್ತ. ದುಭಾಷಿ ಅದನ್ನು ಅನುವಾದಿಸಲಿಲ್ಲ. ಅಧಿಕಾರಿ ಲೇಖನಿ ಕೆಳಗಿಟ್ಟ.

ಆಮೇಲೆ ದುಭಾಷಿಯಿಂದ ಮೆಲ್ಲಗೆ ಕೇಳಿಸಿದ: ಕೆಲಸವಿಲ್ಲದಿದ್ದರೆ ಇವನ ಹೊಟ್ಟೆಗೇನು?

ಜೋಫ್ಕಾ ಬಟ್ಟೆ ಒಗೆಯುವ ಸೋಡಾ ನೀರಿಗೆ ಬಿರಿದ ಎರಡೂ ಕೈ ಮೇಜಿನ ಮೇಲಿಟ್ಟಳು. "ಒಂಬತ್ತು ಜನ ಈ ಕೈಯಡುಗೆ ಉಣ್ತಾರೆ. ಇನ್ನೊಂದು ಬಟ್ಟಲು ಎಲೆಕೋಸಿನ ಸಾರು ನಂಗೆ ಭಾರ ಅಲ್ಲ. ಕೆಲ್ಸ ಅವ್ನೇ ಹುಡುಕ್ಕೋತಾನೆ."

ಮೂವರೂ ತಲೆ ಸೇರಿಸಿ ಗುಸುಗುಸು ಮಾಡಿದರು. ಆಮೇಲೆ ಮಾತೂಶನನ್ನು ಒಳಗೆ ಬಿಡುವ ಚೀಟಿಯ ಮೇಲೆ ಮುದ್ರೆ ಬಿತ್ತು.

ದಡಕ್ಕೆ ಮರಳುವ ದೋಣಿಯಲ್ಲಿ ಮಾತೂಶ ಅಕ್ಕನಿಗೆ ಬೆನ್ನು ಮಾಡಿ ಕೂತ. ಆ ಬೆನ್ನಿಗೆ ಅವಳು ವಿಚಾರಣೆಗಿಂತ ಹೆಚ್ಚು ಹೆದರಿದಳು. ಆಮೇಲೆ ಅವನು ತಿರುಗಿ ಗಂಟು ಬಿಚ್ಚಿ ದಪ್ಪನೆಯ ಉಣ್ಣೆ ಅಂಗಿಯೊಂದನ್ನು ತೆಗೆದ.

"ಅಮ್ಮ ಭಾವನಿಗೆ ಅಂತ ಹೆಣೆದಿದ್ದು. ಚಳಿಗಾಲ ಪೂರ್ತಿ ಕೂತು."

ಅವಳು ಅದನ್ನು ಮುಖಕ್ಕೊತ್ತಿಕೊಂಡಳು. ಆಮೇಲೆ ತಮ್ಮನ ಭುಜಕ್ಕೆ ಹಿಡಿದು ಅಳತೆ ನೋಡಿದಳು. "ಹಾಕ್ಕೋ. ನಾಳೆ ಕೆಲ್ಸ ಹುಡುಕೋಕೆ ಹೋಗ್ಬೇಕು, ಹಡಗುಕಟ್ಟೆಯಲ್ಲಿ ಗಾಳಿ ಕೆಟ್ಟದ್ದು. ಎಣ್ಣೆ ಕಾರ್ಖಾನೆ ಕಡೆ ಮಾತ್ರ ಹೋಗ್ಬೇಡ."

ಅವನು ತೊಟ್ಟುಕೊಂಡ. ತೋಳು ಬೆರಳು ಮುಚ್ಚುವಷ್ಟು ಉದ್ದವಿತ್ತು.

"ಅಮ್ಮಂಗೆ ಏನು ಬರೀತೀಯೋ?" ಎಂದು ಕೇಳಿದಳು.

ಮಾತೂಶ ತೋಳು ಮಡಚುತ್ತ ನೀರು ನೋಡಿದ.

"ಅಂಗಿ ಭಾವನ ಅಳತೆಗೆ ಸರಿಯಾಗಿ ಆಯ್ತು ಅಂತ."