ವೆಂಕಟಾಚಲ ಅವರ ಹತ್ತು ಮೀಟರ್

ನಮ್ಮ ಬಸವನಗುಡಿಯ ರಸ್ತೆಯಲ್ಲಿ ವೆಂಕಟಾಚಲ ಅವರಷ್ಟು ಪ್ರಾಮಾಣಿಕರು ಇನ್ನೊಬ್ಬರಿರಲಿಲ್ಲ. ಇದನ್ನು ಅವರೇ ಹೇಳುತ್ತಿದ್ದರು. ಮೂವತ್ತು ವರ್ಷ ಸರ್ಕಾರಿ ಓವರ್‌ಸಿಯರ್ ಆಗಿದ್ದು, ಕಂಟ್ರಾಕ್ಟರ್ ಮನೆಯ ಕಾಫಿಯನ್ನೂ ಮುಟ್ಟದೆ ನಿವೃತ್ತರಾದವರು. ನಮ್ಮ ಮನೆ ಮುಂದಿನ ಚರಂಡಿ ಅವರೇ ಅಳೆದು ಕಟ್ಟಿಸಿದ್ದು. ಅದು ದೊಡ್ಡ ಮೋರಿ ಸೇರುವ ಮೊದಲೇ ನಿಂತುಬಿಟ್ಟಿದೆ. ಮಳೆ ಬಂದರೆ ನೀರೆಲ್ಲ ನಮ್ಮ ಗೇಟಿನೊಳಗೆ. ಕೇಳಿದಾಗಲೆಲ್ಲ, "ನಕ್ಷೆ ಪ್ರಕಾರ ಪೂರ್ತಿ ಇದೆ ರೀ, ನಿಮ್ಮನೇನೇ ತಗ್ಗಲ್ಲಿದೆ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವರ ಮಗಳು ಧೃತಿ ಕಾಲೇಜು ಸೇರಿದ ವರ್ಷ ಏರ್ ರೈಫಲ್ ಹಿಡಿದಳು. ಗುರಿಗೆ ಹತ್ತು ಮೀಟರ್ ದೂರ ಬೇಕು. ವೆಂಕಟಾಚಲ ತಮ್ಮ ಹಳೆಯ ಟೇಪು ತಂದು, ಮುಂಬಾಗಿಲಿನಿಂದ ಅಡುಗೆಮನೆಯ ಗೋಡೆವರೆಗೆ ಅಳೆದು, "ಕರೆಕ್ಟಾಗಿ ಹತ್ತು!" ಎಂದು ಘೋಷಿಸಿದರು. ಅಂದಿನಿಂದ ಬೆಳಿಗ್ಗೆ ಆರರಿಂದ ಏಳರವರೆಗೆ ಅವರ ಹೆಂಡತಿ ಸರಸ್ವತಮ್ಮ ಸ್ವಂತ ಒಲೆಯ ಹತ್ತಿರ ಸುಳಿಯುವಂತಿರಲಿಲ್ಲ. ಧೃತಿ ಮನೆಯಲ್ಲಿ ನಾನೂರಕ್ಕೆ ಮುನ್ನೂರ ತೊಂಬತ್ತು ಹೊಡೆಯುತ್ತಿದ್ದಳು.

ಕ್ಲಬ್ಬಿನಲ್ಲಿ ಮಾತ್ರ ಮುನ್ನೂರ ಎಪ್ಪತ್ತು ದಾಟುತ್ತಿರಲಿಲ್ಲ. ವೆಂಕಟಾಚಲ ಮೊದಲು ಅಲ್ಲಿನ ಟ್ಯೂಬ್‌ಲೈಟನ್ನು ಬೈದರು, ಆಮೇಲೆ ಕೋಚ್ ನಾಗಭೂಷಣ್ ಅವರನ್ನು, ಕೊನೆಗೆ ಪಕ್ಕದ ಹುಡುಗಿಯ ಉಸಿರಾಟವನ್ನು. ಧೃತಿ ತನ್ನನ್ನೇ ಬೈದುಕೊಂಡಳು. ೨೦೦೨ರ ರಾಜ್ಯ ತಂಡದ ಆಯ್ಕೆಗೆ ಹತ್ತು ದಿನ ಉಳಿದಿದ್ದಾಗ, ಈ ಸಲ ಆಗದಿದ್ದರೆ ಇನ್ನು ರೈಫಲ್ ಮುಟ್ಟುವುದಿಲ್ಲ ಎಂದಳು.

ಆಗ ವೆಂಕಟಾಚಲ ಅವರಿಗೆ ಜ್ಞಾನೋದಯವಾಯಿತು. ಕ್ಲಬ್ಬಿನವರ ಹತ್ತು ಮೀಟರೇ ಸುಳ್ಳು! ಭಾನುವಾರ ಸಾಕ್ಷಿಗೆಂದು ನನ್ನನ್ನೂ ಎಳೆದುಕೊಂಡು ಹೋಗಿ, ಎಲ್ಲರ ಮುಂದೆ ಟೇಪು ಹಾಸಿದರು.

"ಹನ್ನೊಂದು! ನೋಡ್ರೀ, ಹನ್ನೊಂದು ಮೀಟರ್! ಮಕ್ಕಳಿಗೆ ಮೋಸ ಮಾಡ್ತಿದೀರಾ? ಕಂಪ್ಲೇಂಟ್ ಕೊಡ್ತೀನಿ!"

ಧೃತಿ ತಲೆ ತಗ್ಗಿಸಿ ನಿಂತಿದ್ದಳು. ನಾಗಭೂಷಣ್ ತಮ್ಮ ಉಕ್ಕಿನ ಟೇಪು ತಂದು ಅಳೆದರು. ಸರಿಯಾಗಿ ಹತ್ತು ಮೀಟರ್ ಇತ್ತು. ಆಮೇಲೆ ವೆಂಕಟಾಚಲ ಅವರ ಟೇಪಿನ ತುದಿ ಹಿಡಿದು ನೋಡಿ, ಮೆಲ್ಲಗೆ ಹೇಳಿದರು.

"ಸಾರ್, ನಿಮ್ದು ಒಂದರಿಂದ ಶುರುವಾಗತ್ತೆ."

ಮೊದಲ ಮೀಟರನ್ನು ೧೯೭೫ರಲ್ಲೇ ಇಲಿ ಕಡಿದಿತ್ತಂತೆ. ಸರ್ಕಾರಕ್ಕೆ ಹೊಸ ಟೇಪಿನ ಖರ್ಚು ಯಾಕೆಂದು ಅಷ್ಟನ್ನು ಕತ್ತರಿಸಿ, ತುದಿಯ ಹಿತ್ತಾಳೆ ಉಂಗುರವನ್ನು ಇವರೇ ಮತ್ತೆ ಹೊಲಿದುಕೊಂಡಿದ್ದರು.

"ಮೊದಮೊದಲು ಒಂದು ಕಳೆದು ಬರೀತಿದ್ದೆ," ಎಂದರು ವೆಂಕಟಾಚಲ. "ಯಾವಾಗ ಬಿಟ್ಟೆ ಅಂತಾನೇ ಗೊತ್ತಿಲ್ಲ."

"ಹಾಗಾದ್ರೆ ಮನೇಲಿದ್ದದ್ದು ಒಂಬತ್ತೇ ಮೀಟರ್. ತಪ್ಪು ನನ್ನದಲ್ಲ," ಎಂದಳು ಧೃತಿ. ಆ ಹುಡುಗಿಯ ಮುಖ ಅಷ್ಟು ಹಗುರಾದದ್ದನ್ನು ನಾನು ಎರಡು ವರ್ಷದಲ್ಲಿ ನೋಡಿರಲಿಲ್ಲ.

ಮರುದಿನದಿಂದ ಅವಳು ಒಂದು ಮೀಟರ್ ಹಿಂದೆ ಸರಿದು, ಬಾಗಿಲಾಚೆ ಜಗಲಿಯ ಮೇಲೆ ನಿಂತು ಹೊಡೆದಳು. ಹಾಲಿನವನು, ಹೂವಿನವಳು ನಿಂತು ನೋಡಿ ಮುಂದೆ ಹೋಗುತ್ತಿದ್ದರು. ಆಯ್ಕೆಯ ದಿನ ಮುನ್ನೂರ ಎಂಬತ್ತಾರು ಬಂತು. ತಂಡದ ಕೊನೆಯ ಜಾಗ ಅವಳಿಗೇ ಸಿಕ್ಕಿತು.

ಅಂದು ಸಂಜೆ ವೆಂಕಟಾಚಲ ನಮ್ಮ ಬಾಗಿಲು ತಟ್ಟಿದರು. ಪೇಡ ಕೊಟ್ಟರು. ಆಮೇಲೆ, "ನಿಮ್ಮ ಚರಂಡಿ ಒಂದು ಮೀಟರ್ ಕಮ್ಮಿ ಇದೆ ರೀ. ತಪ್ಪು ನಂದೇ," ಎಂದರು.

ಈ ಮಾತಿಗಾಗಿ ಹದಿನೆಂಟು ಮಳೆಗಾಲ ಕಾದಿದ್ದೆ. ಬೈಗುಳಗಳೂ ಸಿದ್ಧವಾಗಿದ್ದವು. ಆದರೆ ಆ ಮುಖ ನೋಡಿ, "ಒಳಗೆ ಬನ್ನಿ, ಕಾಫಿ ಕುಡಿಯೋಣ," ಎಂದೆ.

"ಇಲ್ಲ ರೀ," ಎಂದು ಅವರು ಚಪ್ಪಲಿ ಮೆಟ್ಟಿದರು. "ಇನ್ನೂ ಹನ್ನೆರಡು ರಸ್ತೆಗೆ ಹೋಗ್ಬೇಕು."