ಅಡ್ಡ ಕುಣಿಯ ಮಕಬೂಲಸಾಬರು

ಬೆಳಕು ಹರಿಯುವ ಮುನ್ನವೇ ಮಕಬೂಲಸಾಬರು ಧಾರವಾಡದ ಕೆಲಗೇರಿ ದಾರಿಯ ಕ್ರೈಸ್ತರ ಸ್ಮಶಾನಕ್ಕೆ ಬಂದು, ಚಪ್ಪಲಿಯನ್ನು ಬಾಗಿಲಲ್ಲೇ ಬಿಡುತ್ತಾರೆ. ಇವತ್ತು ಹೆಗಲ ಮೇಲೆ ಗುದ್ದಲಿಯಿಲ್ಲ. ತೋಡುವ ಕೆಲಸವಿಲ್ಲ, ಹೆಸರು ಹೇಳುವ ಕೆಲಸ. ಹಿಂದೆಯೇ ಯಾಕೋಬಪ್ಪ ಪಾದ್ರಿಗಳು ಹೊಸ ದಫ್ತರವನ್ನು ಎದೆಗವಚಿಕೊಂಡು, ಮಸಿಯ ದೌತಿ ಚೆಲ್ಲದಂತೆ ಹಿಡಿದು ಬರುತ್ತಾರೆ.

ಹುಲ್ಲು ಬಿಟ್ಟರೆ ಬೇರೇನೂ ಕಾಣದ ಒಂದು ದಿಬ್ಬದ ಬಳಿ ಮಕಬೂಲಸಾಬರು ನಿಲ್ಲುತ್ತಾರೆ. "ಇದು ಬಡಿಗ್ಯಾರ ಸಾಲೋಮೋನಪ್ಪಂದು, ಬರ್ಕೋರಿ. ಕುಣಿ ತೋಡುವಾಗ ಹುಣಸಿ ಬೇರು ಅಡ್ಡ ಬಂತು. ಕೊಡ್ಲಿ ತರಾಕ ಮನೀಗೆ ಓಡಿದ್ದೆ. ಬಾಜೂಕ ಇರೂದು ಅವನ ಕೂಸು. ಎರಡ ಮೊಳದ ಕುಣಿ. ಅವತ್ತು ನಾ ಉಣ್ಣಲಿಲ್ರಿ."

ಕಳೆದ ಮಳೆಗಾಲದಲ್ಲಿ ೧೯೧೮ರಿಂದೀಚಿನ ಸ್ಮಶಾನದ ದಫ್ತರವನ್ನು ಗೆದ್ದಲು ತಿಂದು ಹಾಕಿತು. ಇಲ್ಲಿನ ಕ್ರೈಸ್ತ ಸಭೆಗೆ ಅರವತ್ತು ವರ್ಷ ತುಂಬುತ್ತಿದೆ, ಅದರ ಚರಿತ್ರೆ ಬರೆಯಬೇಕು. ಸತ್ತವರ ಯಾದಿಯಿಲ್ಲದೆ ಚರಿತ್ರೆ ಎಲ್ಲಿಂದ ಬರಬೇಕು? ಈ ಹದಿನೆಂಟು ವರ್ಷಗಳಲ್ಲಿ ಇಲ್ಲಿ ತೋಡಿದ ಕುಣಿಗಳು ನೂರ ಅರವತ್ತಮೂರು. ಕಲ್ಲು ನಿಂತಿರುವುದು ಮೂವತ್ತೊಂದಕ್ಕೆ ಮಾತ್ರ. ಉಳಿದವರು ಬಡವರು, ಅವರ ಗುರುತು ಇರುವುದು ಬಾವಿ ತೋಡುವ ಮಕಬೂಲಸಾಬರ ತಲೆಯಲ್ಲಿ ಮಾತ್ರ.

ಪಾದ್ರಿಗಳೂ ಮೊದಲು ಸುಮ್ಮನೆ ನಂಬಲಿಲ್ಲ. ಕಲ್ಲಿರುವ ಕುಣಿಗಳ ನಡುವೆಯೇ ಅವರನ್ನು ನಡೆಸಿ ಪರೀಕ್ಷೆ ಮಾಡಿದರು. ಅಕ್ಷರದ ಗಂಧವಿಲ್ಲದ ಈ ಅರವತ್ತೆರಡರ ಮುದುಕ ಮೂವತ್ತೊಂದಕ್ಕೆ ಮೂವತ್ತೊಂದೂ ಹೆಸರು ಹೇಳಿದಾಗ ಪಾದ್ರಿಗಳು ಮೂಗಿನ ಮೇಲೆ ಬೆರಳಿಟ್ಟರು. ಮಕಬೂಲಸಾಬರಿಗೆ ಇದರಲ್ಲಿ ಸೋಜಿಗವೇನೂ ಕಾಣುವುದಿಲ್ಲ. "ಅಕ್ಷರ ಬರೋರು ಬರದಿಟ್ಟು ಮರೀತಾರ್ರಿ. ನಮಗ ಆ ಸವಲತ್ತು ಇಲ್ಲ."

ಮಳೆಗಾಲವಾದರೆ ಒಂದು ಕುಣಿಗೆ ಮೂರು ತಾಸು. ಹೋಳಿ ದಾಟಿತೆಂದರೆ ನೆಲ ಕಬ್ಬಿಣ. ಕೋಳಿ ಕೂಗುವ ಹೊತ್ತಿಗೆ ಹಾರೆ ಹಾಕಿದರೆ ಮೈಮೇಲೆ ಬಿಸಿಲು ಏರುವವರೆಗೂ ಬಿಡುವಿಲ್ಲ. ಆಳಕ್ಕೆ ಅಳತೆ ಅವರ ಎದೆಯೇ. ಒಳಗೆ ನಿಂತಾಗ ಮಣ್ಣು ಎದೆಮಟ್ಟ ಬಂದರೆ ಸಾಕು, ಮೇಲೆ ಬರುತ್ತಾರೆ. ಹೆಂಡತಿ ಲಾಲಬಿ ಬಿಸಿನೀರು ಕಾಯಿಸಿಟ್ಟಿರುತ್ತಾರೆ. ಸ್ನಾನವಾಗದೆ ಅವರು ಯಾರೊಡನೆಯೂ ಮಾತಾಡುವುದಿಲ್ಲ.

ಈ ಕೆಲಸ ಅವರ ಪಾಲಿಗೆ ಬಂದದ್ದು ಇನ್‌ಫ್ಲುಯೆಂಜಾ ಜ್ವರದ ವರ್ಷ. ಸಭೆಯ ಗಟ್ಟಿಮುಟ್ಟು ಗಂಡಸರೆಲ್ಲ ಹಾಸಿಗೆ ಹಿಡಿದಿದ್ದರು. ಅಂದಿನ ಪಾದ್ರಿಗಳು ಕೆಲಗೇರಿಯಲ್ಲಿ ಬಾವಿ ತೋಡುತ್ತಿದ್ದ ಇವರ ಬಳಿ ಬಂದರು. "ಬಾವಿ ತೋಡಾಂವ ನಾ, ಕುಣಿ ತೋಡೂದು ನನ್ನ ಕೆಲಸಲ್ರಿ ಅಂದೆ. ಅವರು ಕೈ ಮುಗದು ನಿಂತ್ರು. ಹಾರಿ ತಗೊಂಡು ಹೊಂಟೆ."

ಆ ಮೊದಲ ಕುಣಿಯಲ್ಲೇ ತಪ್ಪಾಯಿತು. ಕ್ರೈಸ್ತರು ಸತ್ತವರ ಕಾಲನ್ನು ಪೂರ್ವಕ್ಕೆ ಮಾಡಿ ಮಲಗಿಸುತ್ತಾರೆ, ಪುನರುತ್ಥಾನದ ದಿನ ಎದ್ದರೆ ಸೂರ್ಯೋದಯಕ್ಕೇ ಮುಖ ಆಗಲಿ ಎಂದು. ಮುಸಲ್ಮಾನರ ಗೋರಿ ಉತ್ತರ ದಕ್ಷಿಣ, ಮುಖ ಪಶ್ಚಿಮಕ್ಕೆ. ಅಪ್ಪನಿಗೂ ತಂಗಿಗೂ ತೋಡಿದ ಕೈ, ನಸುಕಿನಲ್ಲಿ ಒಂಟಿಯಾಗಿ ತನಗೆ ತಿಳಿದಂತೆಯೇ ತೋಡಿಬಿಟ್ಟಿತು. ಶಿಕ್ಷಕಿ ಶಾಂತವ್ವನ ಪೆಟ್ಟಿಗೆ ಬಂತು. ಹಿಂದೆ ಬಾಗಿಲಲ್ಲಿ ಇನ್ನೆರಡು ಪೆಟ್ಟಿಗೆಗಳು ಕಾಯುತ್ತಿದ್ದವು. ಪಾದ್ರಿಗಳು ಕುಣಿ ನೋಡಿದರು, ಮಕಬೂಲಸಾಬರ ಕೈಯ ಬೊಬ್ಬೆ ನೋಡಿದರು, ಹೀಗೇ ಇರಲಿ ಎಂದರು. ಅಂದಿನಿಂದ ಸಾಲು ಸಾಲಿನ ನಡುವೆ ಶಾಂತವ್ವ ಒಬ್ಬಳೇ ಅಡ್ಡ ಮಲಗಿದ್ದಾಳೆ.

ಕಂಡವರು ಒಬ್ಬೊಬ್ಬರಾಗಿ ತೀರಿಕೊಂಡರು. ಊರಬಾಯಿಗೆ ಮುಚ್ಚಳ ಎಲ್ಲಿಯದು? ತಾವೇ ಜೀವ ಕಳಕೊಂಡವರನ್ನು ಹೀಗೆ ಅಡ್ಡ ಹೂಳುತ್ತಾರಂತೆ ಎಂದು ಯಾರೋ ಅಂದರು, ಇನ್ಯಾರೋ ಹೌದೆಂದರು. ಶಾಂತವ್ವನ ಮಗಳು ದೇವಕ್ಕ ಈಗ ತಾಯಿ ಕಲಿಸಿದ ಸಾಲೆಯಲ್ಲೇ ಶಿಕ್ಷಕಿ. ಒಂದು ದಿನ ಎರಡನೇ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಅಕ್ಕೋರ, ನಿಮ್ಮವ್ವ ಬಾವಿಗೆ ಬಿದ್ದಿದ್ರಂತ, ಖರೇ ಏನ್ರಿ?"

ದೇವಕ್ಕ ಅಳುತ್ತ ಬಂದದ್ದು ಮಕಬೂಲಸಾಬರ ಮನೆಗೆ. ವಿಷಯ ತಿಳಿದ ಸಭೆಯ ಹಿರಿಯ ಹೊಳೆಯಪ್ಪನವರು, ಅಗೆದು ಸರಿಯಾಗಿ ಮಲಗಿಸಿದರಾಯಿತಲ್ಲ ಎಂದರು. ಹದಿನೆಂಟು ವರ್ಷಗಳಲ್ಲಿ ಮೊದಲ ಸಲ ಮಕಬೂಲಸಾಬರು ಒಲ್ಲೆ ಎಂದರು. "ಮಲಗಿದಾಕೀನ ಎಬ್ಬಸಾಕ ನಾ ಗುದ್ದಲಿ ಮುಟ್ಟೂದಿಲ್ರಿ. ತಪ್ಪು ಆಕೀದಲ್ಲ."

ಮುಂದಿನ ಭಾನುವಾರ ಆರಾಧನೆ ಮುಗಿಯುವ ಹೊತ್ತಿಗೆ, ಎಂದೂ ದೇವಾಲಯದ ಮೆಟ್ಟಿಲು ಹತ್ತದ ಮನುಷ್ಯ ಬಾಗಿಲಲ್ಲಿ ಬಂದು ನಿಂತರು. ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು, ಇಡೀ ಸಭೆಯ ಮುಂದೆ ತಮ್ಮ ತಪ್ಪು ಹೇಳಿಕೊಂಡರು. ದೇವಕ್ಕ ಎದ್ದು ನಿಂತಳು. "ಕಾಕಾ, ಕಹಳಿ ಊದಿ ಸತ್ತವರು ಏಳೂ ದಿನ ನಮ್ಮವ್ವ ಹೊಳ್ಳಿ ನೋಡ್ತಾಳ ಬಿಡ್ರಿ. ಆಕೀಗೇನು ಕುತ್ತಿಗಿ ಇಲ್ಲೇನು?" ಇಡೀ ದೇವಾಲಯ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಿತು.

ಸ್ಮಶಾನದಲ್ಲಿ ಈಗ ಬೆಳಕು ಹರಿದಿದೆ. ಮಕಬೂಲಸಾಬರೂ ಪಾದ್ರಿಗಳೂ ಅಡ್ಡ ಕುಣಿಯ ಬಳಿ ಬಂದಿದ್ದಾರೆ. ಪಾದ್ರಿಗಳು ಬರೆದು ಓದುತ್ತಾರೆ: ಶಾಂತವ್ವ, ಶಿಕ್ಷಕಿ, ಜ್ವರದಿಂದ ತೀರಿಕೊಂಡವಳು, ಕುಣಿ ಉತ್ತರ ದಕ್ಷಿಣ.

"ಅಲ್ಲಿಗೇ ನಿಲ್ಲಸಬ್ಯಾಡ್ರಿ. ತೋಡಿದಾಂವ ಮಕಬೂಲಸಾಬ, ತಪ್ಪು ಅವಂದು, ಅಂತ ಬರೀರಿ."

ಪಾದ್ರಿಗಳು ತಲೆಯೆತ್ತುತ್ತಾರೆ. ಹಾಗಿದ್ದರೆ ಎಲ್ಲ ಕುಣಿಗಳ ಮುಂದೆಯೂ ನಿಮ್ಮ ಹೆಸರು ಬರೆಯುತ್ತೇನೆ, ಅದು ನ್ಯಾಯ ಎನ್ನುತ್ತಾರೆ.

ಮುದುಕ ಬಗ್ಗಿ, ಅಡ್ಡ ಕುಣಿಯ ಮೇಲಿನ ಒಣಹುಲ್ಲನ್ನು ಕೈಯಿಂದಲೇ ಕೀಳುತ್ತಾರೆ. "ನೂರ ಅರವತ್ತೆರಡು ಸರಿಯಾಗಿ ತೋಡೇನಿ. ಅವಕ್ಕ ನನ್ನ ಹೆಸರು ಬ್ಯಾಡ್ರಿ. ಈ ಒಂದಕ್ಕ ಬೇಕು."