ಹರಿವೆ ಮೊಳೆಯದ ಇದ್ದಿಲು

ಹಂಗಾರಕಟ್ಟೆಗೆ ವರ್ಗವಾಗಿ ಬಂದ ಮೇಲೆ ಮೂರು ತಿಂಗಳು ನನ್ನನ್ನು ಮಾತಾಡಿಸಿದ್ದು ಬಸ್ಸಿನ ಕಂಡಕ್ಟರ್ ಒಬ್ಬರೇ. ಬೇಜಾರು ಕಳೆಯಲು ಡ್ರಮ್ಮಿನಲ್ಲಿ ತೆಂಗಿನ ಕರಟ ಸುಟ್ಟು, ಆ ಇದ್ದಿಲನ್ನು ಪುಡಿ ಮಾಡಿ ಮಣ್ಣಿಗೆ ಬೆರೆಸಿ ಹರಿವೆ ಬಿತ್ತಿದೆ. ಎರಡು ಸಲ ಬಿತ್ತಿದರೂ ಒಂದು ಬೀಜವೂ ಮೊಳೆಯಲಿಲ್ಲ.

ಒಂದು ಸಂಜೆ, ಪಕ್ಕದಲ್ಲಿ ದೋಣಿ ಕಟ್ಟುವ ಆಚಾರ್ರು ಬೇಲಿಯಾಚೆಯಿಂದ ಕೈ ಚಾಚಿ ಇದ್ದಿಲ ಚೂರೊಂದನ್ನು ಉಜ್ಜಿ ಮೂಸಿದರು. ಅವರ ಬೆರಳು ಜಿಡ್ಡಾಯಿತು.

"ಹ್ವಾಯ್, ಇದ್ ಸಮಾ ಸುಡ್ಲಿಲ್ಲ, ಎಣ್ಣೆ ಹಾಂಗೇ ಇತ್ತ್. ದೋಣಿ ಅಡಿಗೆ ಪಾಚಿ, ಚಿಪ್ಪು ಎಂತದೂ ಬೆಳೂಕಾಗ ಅಂದೇಳಿ ನಾವ್ ಇಂಥದ್ದೇ ಎಣ್ಣೆ ಹಚ್ಚುದ್. ನೀವ್ ಗಿಡಕ್ಕ್ ಹಾಕುದಾ?"

ಹೊಗೆ ಪೂರ್ತಿ ನಿಲ್ಲುವವರೆಗೆ ಸುಡಬೇಕೆಂದು ಅರ್ಧ ಗಂಟೆ ನಿಂತು ಹೇಳಿಕೊಟ್ಟರು.

ಈಗ ಹರಿವೆ ಮೊಣಕಾಲೆತ್ತರ ಬಂದಿದೆ. ಆಚಾರ್ರು ಮಾತ್ರ ಮತ್ತೆ ಬೇಲಿ ಹತ್ತಿರ ಬಂದಿಲ್ಲ. ಮುಂದಿನ ಸಲ ಕರಟವನ್ನು ಅರ್ಧಂಬರ್ಧ ಸುಡೋಣವೇ ಅಂತಿದ್ದೇನೆ.